ಇಂಪ್ಲಾಂಟ್ ಹಲ್ಲು: ಮೊದಲ ಸ್ಕ್ಯಾನಿನಿಂದ ಕ್ಯಾಪ್ ಕೂರುವವರೆಗೆ

"ಹದಿನೈದು ದಿನ ರಜೆ ಉಂಟು ಡಾಕ್ಟ್ರೇ, ಹೋಗುವುದರೊಳಗೆ ಹಲ್ಲು ಕೂರಿಸಿ ಕೊಡಿ." ಗಲ್ಫ್‌ನಿಂದ ಊರಿಗೆ ಬಂದವರ ಈ ಬೇಡಿಕೆ ಮಂಗಳೂರು, ಉಡುಪಿಯ ಹಲ್ಲಿನ ಡಾಕ್ಟರುಗಳಿಗೆ ಹೊಸತಲ್ಲ. ಊರಲ್ಲೇ ಇರುವವರೂ ಮಗಳ ಮದುವೆಯ ತಾರೀಕು ಹೇಳಿಕೊಂಡು ಬರುತ್ತಾರೆ. ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಸ್ಕ್ರೂ ಇಳಿಸಿ ಅದರ ಮೇಲೆ ಕ್ಯಾಪ್ ಎಂಬ ಕೃತಕ ಹಲ್ಲು ಕೂರಿಸುವುದು. ಅದನ್ನು ಮಾಡಿಸಿಕೊಳ್ಳುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ್ದು ಈ ಲೆಕ್ಕ. ದವಡೆಯೊಳಗೆ ಸ್ಕ್ರೂ ಇಳಿಸುವುದು ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಆ ಸ್ಕ್ರೂವನ್ನು ಮೂಳೆ ಗಟ್ಟಿಯಾಗಿ ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಮೇಲ್ದವಡೆಯಲ್ಲಿ 4ರಿಂದ 6 ತಿಂಗಳು ಬೇಕು. ಮೇಲ್ಮೈ ಒರಟು ಮಾಡಿದ ಈಗಿನ ಸ್ಕ್ರೂಗಳಲ್ಲಿ, ಮೂಳೆಯೂ ಗಟ್ಟಿಯಿದ್ದರೆ, 6ರಿಂದ 8 ವಾರಕ್ಕೆ ಕ್ಯಾಪ್ ಹಾಕುವುದುಂಟು. ಆದರೆ ಅದನ್ನು ಮೊದಲೇ ಮಾತು ಕೊಡಲು ಬರುವುದಿಲ್ಲ. ಸ್ಕ್ರೂ ಇಳಿಸುವಾಗ ಎಷ್ಟು ಬಿಗಿ ಸಿಕ್ಕಿತು ಎಂಬುದರ ಮೇಲೆ ಅದು ನಿಂತಿದೆ.

ಟೈಟಾನಿಯಮ್ ಲೋಹಕ್ಕೆ ಮೂಳೆ ಅಂಟಿಕೊಳ್ಳುತ್ತದೆ ಎಂಬುದು ಗೊತ್ತಾದದ್ದು 1952ರಲ್ಲಿ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತದ ಹರಿವು ನೋಡಲು ಟೈಟಾನಿಯಮ್ಮಿನ ಸಣ್ಣ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮನುಷ್ಯನ ದವಡೆಗೆ ಅವರು ಮೊದಲ ಸಲ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ, ಗೋಸ್ಟಾ ಲಾರ್ಸನ್ ಎಂಬವರಿಗೆ. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಬಾಯಲ್ಲಿ ಕೆಲಸ ಮಾಡುತ್ತಿದ್ದವು. ಹಾಗಾಗಿ "ಇದು ಎಷ್ಟು ವರ್ಷ ಬರುತ್ತದೆ" ಎಂಬ ಪ್ರಶ್ನೆಗೆ ನಲವತ್ತು ವರ್ಷದ ಉತ್ತರವೂ ಇದೆ, ನಲವತ್ತು ದಿನಕ್ಕೇ ಕಳಚಿ ಬಂದ ಉದಾಹರಣೆಯೂ ಇದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗಿ ಮುಂದೆ ಹೇಳುವ ಸಣ್ಣಪುಟ್ಟ ಸಂಗತಿಗಳಲ್ಲಿದೆ.

ಉದಾಹರಣೆಗೆ ಕೆಳಗಿನ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳೋಣ. ಆರನೇ ವರ್ಷಕ್ಕೆ ಹುಟ್ಟುವ ಈ ಹಲ್ಲನ್ನು ಹಾಲುಹಲ್ಲು ಎಂದುಕೊಂಡು ಹುಳುಕಾದರೂ ಬಿಟ್ಟುಬಿಡುವ ಮನೆಗಳು ಬಹಳ. ದೊಡ್ಡವರಾದ ಮೇಲೆ ಮೊದಲು ಕಳೆದುಕೊಳ್ಳುವುದೂ ಹೆಚ್ಚಾಗಿ ಇದನ್ನೇ. ಅಲ್ಲಿ ಹಾಕುವ ಇಂಪ್ಲಾಂಟಿನಲ್ಲಿ ಮೂರು ಭಾಗ: ಮೂಳೆಯೊಳಗೆ ಬೇರಿನ ಜಾಗದಲ್ಲಿ ಕೂರುವ ಟೈಟಾನಿಯಮ್ ಸ್ಕ್ರೂ, ಅದರ ಮೇಲೆ ಒಸಡಿನಿಂದ ಹೊರಗೆ ಬರುವ ಅಬಟ್ಮೆಂಟ್ ಎಂಬ ಗೂಟ, ಅದರ ಮೇಲೆ ಕಣ್ಣಿಗೆ ಕಾಣುವ ಕ್ಯಾಪ್. ಸ್ಕ್ರೂ ದಪ್ಪ 4ರಿಂದ 5 ಮಿಲಿಮೀಟರ್, ಉದ್ದ 8ರಿಂದ 12 ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಗೋಡೆಗೆ ಹೊಡೆಯುವ ಸ್ಕ್ರೂ ಕಲ್ಪಿಸಿಕೊಂಡು ಹೆದರಿ ಬಂದವರ ಅಂಗೈಗೆ ಮಾದರಿ ಇಟ್ಟರೆ "ಇಷ್ಟೇಯಾ" ಎನ್ನುತ್ತಾರೆ.

ಮೊದಲ ಭೇಟಿಯಲ್ಲಿ ಡಾಕ್ಟರು ಹಲ್ಲಿಗಿಂತ ಹೆಚ್ಚಾಗಿ ಉಳಿದ ಮೈಯ ಬಗ್ಗೆ ಕೇಳುತ್ತಾರೆ. ಒಂದನ್ನೂ ಮುಚ್ಚಿಡಬಾರದು. ಶುಗರ್ ಇದ್ದರೆ ಆ ದಿನದ ರೀಡಿಂಗ್ ಸಾಲದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಬೇಕು. ಅದು 7ರ ಆಸುಪಾಸಿನಲ್ಲಿದ್ದರೆ ಮುಂದುವರಿಯುತ್ತಾರೆ. 8 ದಾಟಿದ್ದರೆ ಮೊದಲು ಹತೋಟಿಗೆ ಬರಲಿ ಎನ್ನುವವರೇ ಹೆಚ್ಚು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ಇಂಪ್ಲಾಂಟಿನ ರಕ್ತಸ್ರಾವವನ್ನು ಹೊಲಿಗೆ ಹಾಕಿ, ಹತ್ತಿ ಒತ್ತಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಹೃದಯದ ಡಾಕ್ಟರನ್ನು ಕೇಳಿಯೇ ತೀರ್ಮಾನವಾಗಬೇಕು.

ಹೆಂಗಸರು ಹೇಳಲು ಮರೆಯುವ ಒಂದು ಮುಖ್ಯ ಸಂಗತಿ, ಮೂಳೆ ಸವೆತದ ಔಷಧ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಂದು ಜೊಲೆಡ್ರೊನಿಕ್ ಇಂಜೆಕ್ಷನ್. ದಿನಾ ತೆಗೆದುಕೊಳ್ಳುವುದಲ್ಲವಲ್ಲ, ಹಾಗಾಗಿ ಮದ್ದಿನ ಲೆಕ್ಕಕ್ಕೇ ಬರುವುದಿಲ್ಲ. ಈ ಗುಂಪಿನ ಔಷಧ ತೆಗೆದುಕೊಂಡವರ ದವಡೆಯ ಮೂಳೆ ಕೆಲವೊಮ್ಮೆ ಗಾಯ ಮಾಯದೆ ಕೊಳೆಯಲು ಶುರುವಾಗುತ್ತದೆ. ಕ್ಯಾನ್ಸರಿಗೆಂದು ಹೆಚ್ಚಿನ ಪ್ರಮಾಣದಲ್ಲಿ ಈ ಇಂಜೆಕ್ಷನ್ ಪಡೆಯುತ್ತಿರುವವರಿಗೆ ಇಂಪ್ಲಾಂಟ್ ಬೇಡವೆಂದೇ ಹೇಳುತ್ತಾರೆ.

ಇನ್ನು ನಮ್ಮ ಕರಾವಳಿಯ ಅಡಿಕೆ, ಬೀಡಿ. ಬೀಡಿ-ಸಿಗರೇಟಿನಿಂದ ಒಸಡಿನ ರಕ್ತನಾಳ ಕುಗ್ಗಿ ಗಾಯ ಮಾಯುವುದು ನಿಧಾನವಾಗುತ್ತದೆ, ಇಂಪ್ಲಾಂಟ್ ಕಳಚುವ ಅಪಾಯ ಹೆಚ್ಚುತ್ತದೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಗಿನ ಚರ್ಮ ಬಿಗಿದು ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ಮನೆಯಲ್ಲೇ ನೋಡಿಕೊಳ್ಳಿ: ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ನೆಟ್ಟಗೆ ಇಟ್ಟರೆ ಮೇಲಿನ, ಕೆಳಗಿನ ಮುಂಬಲ್ಲುಗಳ ನಡುವೆ ಹಿಡಿಯಬೇಕು. ಎರಡೇ ಬೆರಳು ಹಿಡಿದರೆ ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ನೆಟ್ಟಗೆ ಇಳಿಸಲು ಎತ್ತರ ಸಿಗುವುದಿಲ್ಲ. ಡ್ರಿಲ್ ಓರೆಯಾದರೆ ಸ್ಕ್ರೂ ಓರೆ, ಅದರ ಮೇಲಿನ ಕ್ಯಾಪಿಗೆ ಬೀಳುವ ಭಾರವೂ ಓರೆ.

ಆಮೇಲೆ ಸ್ಕ್ಯಾನ್. ಇಡೀ ದವಡೆ ಕಾಣುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಅಂದಾಜಿಗೆ ಸಿಗುತ್ತದೆ, ಅಗಲ ಸಿಗುವುದಿಲ್ಲ. ಅದಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಕೆಳದವಡೆಯ ಒಳಗೆ ತುಟಿ, ಗಲ್ಲಕ್ಕೆ ಹೋಗುವ ನರ ಒಂದು ಕೊಳವೆಯಲ್ಲಿ ಹಾದುಹೋಗುತ್ತದೆ. ಸ್ಕ್ರೂವಿನ ತುದಿಗೂ ಅದಕ್ಕೂ 2 ಮಿಲಿಮೀಟರ್ ಅಂತರ ಬಿಡಲೇಬೇಕು. ಅಂದರೆ ನರದ ಮೇಲೆ 12 ಮಿಲಿಮೀಟರ್ ಮೂಳೆ ಇದ್ದರೆ ಸ್ಕ್ರೂ 10 ಮಿಲಿಮೀಟರಿಗೆ ನಿಲ್ಲಬೇಕು. ಅಗಲದ ಲೆಕ್ಕವೂ ಹೀಗೆಯೇ: ನಾಲ್ಕೂವರೆ ಮಿಲಿಮೀಟರ್ ದಪ್ಪದ ಸ್ಕ್ರೂವಿನ ಎರಡೂ ಬದಿಗೆ ಒಂದೂವರೆ ಮಿಲಿಮೀಟರ್ ಮೂಳೆ ಉಳಿಯಬೇಕಾದರೆ ಒಟ್ಟು 7.5 ಮಿಲಿಮೀಟರ್ ಬೇಕು. ಪಕ್ಕದ ಹಲ್ಲಿನಿಂದ 1.5 ಮಿಲಿಮೀಟರ್, ಎರಡು ಇಂಪ್ಲಾಂಟ್ ಅಕ್ಕಪಕ್ಕ ಬಂದರೆ ನಡುವೆ 3 ಮಿಲಿಮೀಟರ್.

ಈ ಅಗಲ ಸಾಲದೆ ಹೋಗುವುದೇ ಹೆಚ್ಚು. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಅಲ್ಲಿನ ಮೂಳೆಯ ಅಗಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಸವೆತದ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗಿಬಿಡುತ್ತದೆ. ಕಿತ್ತು ಹತ್ತು ವರ್ಷ ಬಿಟ್ಟು ಬಂದರೆ ಮೂಳೆಯ ಏಣು ಕತ್ತಿಯ ಅಲಗಿನ ಹಾಗೆ ಸಣ್ಣಗಾಗಿರುತ್ತದೆ. ಆಗ ಮೂಳೆಪುಡಿ ತುಂಬಿ ಬೆಳೆಸಬೇಕು. ಆ ಪುಡಿ ಎಲ್ಲಿಂದ ಬಂದದ್ದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಬಹಳ ಬಳಕೆಯಲ್ಲಿರುವ ಪುಡಿ ದನದ ಮೂಳೆಯಿಂದ ಮಾಡಿದ್ದು; ಮೇಲೆ ಹೊದಿಸುವ ಪೊರೆ ಹಂದಿ ಅಥವಾ ದನದ್ದಿರಬಹುದು. ಕೃತಕವಾಗಿ ತಯಾರಿಸಿದ ಪುಡಿಯೂ ಸಿಗುತ್ತದೆ. ಧರ್ಮ, ಆಚಾರದ ಕಾರಣಕ್ಕೆ ಬೇಡವೆನ್ನುವವರು ಚಿಕಿತ್ಸೆಯ ದಿನ ಕುರ್ಚಿಯಲ್ಲಿ ಮಲಗಿ ಕೇಳುವುದಕ್ಕಿಂತ ಹದಿನೈದು ದಿನ ಮೊದಲೇ ಹೇಳಿದರೆ ಬೇರೆಯದನ್ನು ತರಿಸಲು ಸಮಯ ಸಿಗುತ್ತದೆ. ದೊಡ್ಡ ಪ್ರಮಾಣದಲ್ಲಿ ಪುಡಿ ತುಂಬಿದರೆ ಕಾಯುವ ಅವಧಿಗೆ ಇನ್ನೂ 4ರಿಂದ 6 ತಿಂಗಳು ಸೇರಿಕೊಳ್ಳುತ್ತದೆ.

ಖರ್ಚಿನ ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ. "ಒಂದು ಇಂಪ್ಲಾಂಟಿಗೆ ಇಷ್ಟು" ಎಂದದ್ದು ಸ್ಕ್ರೂವಿಗೆ ಮಾತ್ರವೋ, ಅಬಟ್ಮೆಂಟ್, ಕ್ಯಾಪ್ ಸೇರಿಯೋ, ಸ್ಕ್ಯಾನ್, ಮೂಳೆಪುಡಿ ಬೇರೆಯೋ, ಸ್ಕ್ರೂ ಹಿಡಿಯದಿದ್ದರೆ ಮರಳಿ ಹಾಕಲು ಏನು ಕೊಡಬೇಕು, ಇವಿಷ್ಟನ್ನು ಬರೆಸಿಕೊಳ್ಳಿ. ಮಣಿಪಾಲ, ಮಂಗಳೂರಿನ ಲೈಟ್‌ಹೌಸ್ ಹಿಲ್, ದೇರಳಕಟ್ಟೆ, ಕುಂಟಿಕಾನದ ದಂತ ಕಾಲೇಜುಗಳಿಗೂ ಹೋಗಬಹುದು. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರೊಫೆಸರುಗಳ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ಓಡಾಟ ಜಾಸ್ತಿ, ಪ್ರತಿ ಸಲ ಕೂರುವ ಹೊತ್ತೂ ಜಾಸ್ತಿ. ಖರ್ಚು ಕಡಿಮೆ, ಪ್ರತಿ ಹಂತವನ್ನು ಇಬ್ಬರು ನೋಡಿರುತ್ತಾರೆ.

ಸ್ಕ್ರೂ ಹಾಕುವ ದಿನ ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಬೇಕು. ಬಾಯಿ ಮರಗಟ್ಟಿಸುವ ಇಂಜೆಕ್ಷನ್ನಿಗೆ ಉಪವಾಸ ಬೇಡ. ಖಾಲಿ ಹೊಟ್ಟೆಯಲ್ಲಿ ಬಂದವರಿಗೇ ತಲೆ ತಿರುಗುವುದು. ಏಕಾದಶಿ ಹಿಡಿಯುವವರು, ರಂಜಾನಿನ ಉಪವಾಸ ಇರುವವರು ತಾರೀಕು ಬೇರೆ ಗೊತ್ತುಮಾಡಿಕೊಳ್ಳಿ, ಏಕೆಂದರೆ ನಂತರದ ಐದು ದಿನ ಹೊತ್ತುಹೊತ್ತಿಗೆ ಮಾತ್ರೆ ನುಂಗಲಿಕ್ಕಿದೆ. ಬಿಪಿ ಮಾತ್ರೆ ಯಾವತ್ತಿನಂತೆ. ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡುವುದು ವಾಡಿಕೆ. ಅದು ಪೆನಿಸಿಲಿನ್ ಗುಂಪಿನ ಆಂಟಿಬಯೋಟಿಕ್, ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿರಬೇಕು. ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿ ಕುರ್ಚಿಗೆ.

ಇಂಜೆಕ್ಷನ್ನಿನಲ್ಲಿ ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಇರುತ್ತದೆ. ಕೊಟ್ಟ ಒಂದೆರಡು ನಿಮಿಷ ಎದೆ ಡವಡವ ಎನ್ನಬಹುದು. ಅದು ತಾನಾಗಿ ಇಳಿಯುತ್ತದೆ. ತುಟಿ ದಪ್ಪಗಾದಂತೆ ಅನ್ನಿಸಿದ ಮೇಲೆ ಒಸಡು ಸೀಳಿ ಮೂಳೆ ತೆರೆಯುತ್ತಾರೆ. ಮೊದಲು 2 ಮಿಲಿಮೀಟರಿನ ಸಣ್ಣ ಡ್ರಿಲ್. ಆ ತೂತಿಗೆ ಒಂದು ಪಿನ್ ಇಳಿಸಿ ಎಕ್ಸ್‌ರೇ ತೆಗೆದು ದಿಕ್ಕು ಸರಿಯಿದೆಯೇ ನೋಡುತ್ತಾರೆ. ತಿದ್ದಿಕೊಳ್ಳಲು ಇದೇ ಸಮಯ, ದೊಡ್ಡ ಡ್ರಿಲ್ ಹಾಕಿದ ಮೇಲೆ ಜಾಗ ಉಳಿಯುವುದಿಲ್ಲ. ನಂತರ ಒಂದಕ್ಕಿಂತ ಒಂದು ದಪ್ಪದ ಡ್ರಿಲ್‌ಗಳು. ಹುಳುಕು ಕೊರೆಯುವ ಯಂತ್ರದ ಕೀರಲು ಸದ್ದು ಇಲ್ಲಿಲ್ಲ. ಅದು ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ಸುತ್ತುತ್ತದೆ. ಇಲ್ಲಿ 800ರಿಂದ 1200. ಗುರ್ ಎಂಬ ಸದ್ದು ಕಿವಿಗಿಂತ ಹೆಚ್ಚಾಗಿ ತಲೆಬುರುಡೆಯಲ್ಲಿ ಕೇಳಿಸುತ್ತದೆ. ಬಾಯಿ ತುಂಬಾ ಉಪ್ಪುನೀರು ಸುರಿಯುತ್ತಲೇ ಇರುತ್ತದೆ, ನುಂಗಬೇಕಾಗಿಲ್ಲ, ಪಕ್ಕದಲ್ಲಿರುವವರು ಎಳೆದು ತೆಗೆಯುತ್ತಾರೆ. ಆ ನೀರು ಮೂಳೆ ಬಿಸಿಯಾಗದಿರಲಿಕ್ಕೆ. 47 ಡಿಗ್ರಿ ಬಿಸಿ ಒಂದು ನಿಮಿಷ ತಾಗಿದರೆ ಮೂಳೆಯ ಜೀವಕೋಶ ಸಾಯುತ್ತದೆ, ಸತ್ತ ಮೂಳೆ ಸ್ಕ್ರೂವನ್ನು ಹಿಡಿಯುವುದಿಲ್ಲ. ಮೊಂಡಾದ ಡ್ರಿಲ್ ಬಳಸಿದರೂ ಇದೇ ಅಪಾಯ. ನಿಮಗೆ ಒತ್ತಡ, ಕಂಪನ ಗೊತ್ತಾಗಬೇಕು. ಚುಚ್ಚುವ ನೋವು ಗೊತ್ತಾಗಬಾರದು. ಗೊತ್ತಾದರೆ ತಾಳಿಕೊಳ್ಳಬೇಡಿ, ತಲೆ ಅಲ್ಲಾಡಿಸದೆ ಎಡಗೈ ಎತ್ತಿ.

ಕೊನೆಗೆ ಸ್ಕ್ರೂ. ನಿಧಾನವಾಗಿ ತಿರುಗಿಸಿ ಇಳಿಸಿ, ಕೊನೆಯ ಒಂದೆರಡು ಸುತ್ತನ್ನು ಕೈಯ ರಾಚೆಟ್ಟಿನಿಂದ ಬಿಗಿಯುತ್ತಾರೆ. ಟಿಕ್, ಟಿಕ್ ಸದ್ದಿನ ಜೊತೆ ಇಡೀ ದವಡೆಯನ್ನು ಯಾರೋ ಒತ್ತಿ ಹಿಡಿದ ಹಾಗೆ ಅನ್ನಿಸುತ್ತದೆ. ಬಿಗಿ 35 ನ್ಯೂಟನ್ ಸೆಂಟಿಮೀಟರ್ ಸಿಕ್ಕರೆ ಡಾಕ್ಟರ ಮುಖದಲ್ಲಿ ಸಮಾಧಾನ ಕಾಣುತ್ತದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಒಸಡನ್ನು ಪೂರ್ತಿ ಹೊಲಿದು ಹೆಚ್ಚು ದಿನ ಕಾಯಿಸುತ್ತಾರೆ. ಚೆನ್ನಾಗಿ ಬಿಗಿ ಸಿಕ್ಕರೆ ಗುಂಡಿಯಂತೆ ಹೊರಗೆ ಕಾಣುವ ಹೀಲಿಂಗ್ ಕ್ಯಾಪ್ ಅಂದೇ ಹಾಕುವುದುಂಟು, ಎರಡನೇ ಸಲ ಒಸಡು ತೆರೆಯುವ ಕೆಲಸ ತಪ್ಪುತ್ತದೆ. ನಾಲ್ಕು ಹೊಲಿಗೆ, ಒತ್ತಿ ಹಿಡಿಯಲು ಒಂದು ಬಟ್ಟೆಯುಂಡೆ.

ಬಟ್ಟೆಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಮೊದಲ ದಿನ ಉಗುಳಬಾರದು, ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಹೀರಬಾರದು. ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಎಳನೀರು ಕುಡಿಯುವುದಾದರೆ ಲೋಟಕ್ಕೆ ಸುರಿಸಿಕೊಂಡು ಕುಡಿಯಿರಿ. ಊಟದ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಕುಚ್ಚಲಕ್ಕಿ ಗಂಜಿಯನ್ನು ಮೆತ್ತಗೆ ಬೇಯಿಸಿ, ಆರಿಸಿ, ತಿಳಿಯ ಜೊತೆ ಉಂಡರೆ ಅದಕ್ಕಿಂತ ಒಳ್ಳೆಯ ಪಥ್ಯ ಇಲ್ಲ. ಬಿಸಿ ಬಿಸಿ ಬೇಡ. ಎರಡನೇ ದಿನದಿಂದ ನೀರುದೋಸೆಯನ್ನು ಸಾರಿನಲ್ಲಿ ನೆನೆಸಿ ಇನ್ನೊಂದು ಬದಿಯಲ್ಲಿ ತಿನ್ನಬಹುದು. ಕೋರಿರೊಟ್ಟಿ, ಚಕ್ಕುಲಿ, ಹಲಸಿನ ಹಪ್ಪಳ, ಮುಳ್ಳಿರುವ ಮೀನು ದೂರ ಇರಲಿ.

ಊತ ಮರುದಿನಕ್ಕಿಂತ ಎರಡನೇ, ಮೂರನೇ ದಿನ ಹೆಚ್ಚು. ಇದು ಗೊತ್ತಿಲ್ಲದೆ "ನಿನ್ನೆಗಿಂತ ಜಾಸ್ತಿಯಾಯಿತು" ಎಂದು ಗಾಬರಿಯಾಗುತ್ತಾರೆ. ವಯಸ್ಸಾದವರಿಗೆ ಕೆನ್ನೆಯಿಂದ ಕುತ್ತಿಗೆಯವರೆಗೆ ನೀಲಿ-ಹಳದಿ ಕಲೆ ಇಳಿಯುವುದೂ ಇದೆ, ವಾರದಲ್ಲಿ ಮಾಸುತ್ತದೆ. ಗಾಬರಿಯಾಗಬೇಕಾದ್ದು ಬೇರೆ. ಇಂಜೆಕ್ಷನ್ನಿನ ಮರಗಟ್ಟುವಿಕೆ ಮೂರ್ನಾಲ್ಕು ಗಂಟೆಯಲ್ಲಿ ಬಿಡಬೇಕು. ಮರುದಿನ ಬೆಳಿಗ್ಗೆಯೂ ಕೆಳತುಟಿ, ಗಲ್ಲ ಜೋಮು ಹಿಡಿದಂತಿದ್ದರೆ, ಚಹಾ ತುಟಿಯಿಂದ ಸೋರಿದ್ದು ತಿಳಿಯದಿದ್ದರೆ, ಆದಿತ್ಯವಾರವಾದರೂ ಸರಿ, ಡಾಕ್ಟರಿಗೆ ಫೋನ್ ಮಾಡಿ. ಸ್ಕ್ರೂ ನರವನ್ನು ಒತ್ತುತ್ತಿರಬಹುದು. ಸ್ಕ್ಯಾನ್ ಮಾಡಿ ಸುಮಾರು 36 ಗಂಟೆಯೊಳಗೆ ಅದನ್ನು ಹೊರತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. "ಒಂದು ವಾರ ನೋಡುವ" ಎಂದು ಬಿಟ್ಟರೆ ಜೋಮು ಶಾಶ್ವತವಾಗಿ ಉಳಿದೀತು.

ಹೊಲಿಗೆ ತೆಗೆಯುವುದು 7ರಿಂದ 10ನೇ ದಿನ. ಎರಡು ವಾರ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿ, ಆದರೆ ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬೇಡ. ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ, ಅರ್ಧ ಗಂಟೆ ಬಿಡಿ. ಚಹಾ ಜಾಸ್ತಿ ಕುಡಿಯುವವರ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ.

ಈಗ ಬರುತ್ತದೆ ಎಲ್ಲರೂ ತಪ್ಪುವ ಜಾಗ. ಮೂರನೇ ವಾರಕ್ಕೆ ನೋವಿಲ್ಲ, ಊತವಿಲ್ಲ, ಒಸಡು ಗುಲಾಬಿ. ಎಲ್ಲ ಸರಿಹೋಯಿತೆಂದು ಆ ಬದಿಯಲ್ಲೇ ಅಗಿಯಲು ಶುರುಮಾಡುತ್ತಾರೆ. ಒಳಗಿನ ಕತೆ ಇದಕ್ಕೆ ಉಲ್ಟಾ. ಮೊದಲ ದಿನ ಸ್ಕ್ರೂ ನಿಂತದ್ದು ಹಳೆ ಮೂಳೆಯ ಬಿಗಿಯಲ್ಲಿ. ಡ್ರಿಲ್ ತಾಗಿದ ಆ ಮೂಳೆಯನ್ನು ಶರೀರ ಕರಗಿಸುತ್ತಾ ಬರುತ್ತದೆ, ಹೊಸ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೂರು-ನಾಲ್ಕನೇ ವಾರದಲ್ಲಿ ಸ್ಕ್ರೂವಿನ ಹಿಡಿತ ಹಾಕಿದ ದಿನಕ್ಕಿಂತಲೂ ಕಡಿಮೆ. ಆಗ ಒಂದು ಕೂದಲೆಳೆಯ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 100ರಿಂದ 150 ಮೈಕ್ರಾನಿನಷ್ಟು ಅಲುಗಾಡಿದರೂ ಸುತ್ತ ಮೂಳೆಯ ಬದಲು ನಾರಿನಂಥ ಮಾಂಸ ಬೆಳೆಯುತ್ತದೆ. ಅಂಥ ಸ್ಕ್ರೂ ಮತ್ತೆ ಗಟ್ಟಿಯಾಗುವುದಿಲ್ಲ. ಮುಂಬಲ್ಲಿಗೆ ಅದೇ ದಿನ ತಾತ್ಕಾಲಿಕ ಹಲ್ಲು ಕೊಟ್ಟಿದ್ದರೂ ಅದು ಎದುರು ಹಲ್ಲಿಗೆ ತಾಗದಂತೆ ಚೋಟು ಮಾಡಿರುವುದು ಇದಕ್ಕೇ. ನಾಲಿಗೆಯಿಂದ ಹೀಲಿಂಗ್ ಕ್ಯಾಪ್ ದೂಡಿ ಆಡುವ ಅಭ್ಯಾಸವನ್ನೂ ಬಿಡಬೇಕು.

ಹೀಲಿಂಗ್ ಕ್ಯಾಪ್ ಸಡಿಲಾಗಿ ತಿರುಗಿದರೆ ಇಂಪ್ಲಾಂಟೇ ಹೋಯಿತು ಎಂದುಕೊಳ್ಳಬೇಡಿ, ಬಿಗಿದರೆ ಸಾಕು. ಅದು ಕಳಚಿ ಬಿದ್ದರೆ ಮಾತ್ರ ಒಂದೆರಡು ದಿನದೊಳಗೆ ಹೋಗಿ. ಒಸಡು ಬೇಗ ಮುಚ್ಚಿಕೊಂಡು ಮತ್ತೆ ಕೊಯ್ಯಬೇಕಾಗುತ್ತದೆ. ಬಿಗಿಯುವಾಗ ನೋವಾಗಿ ಸ್ಕ್ರೂವೇ ತಿರುಗಿದರೆ ಅದು ಹಿಡಿದಿಲ್ಲ ಎಂದರ್ಥ. ಅದನ್ನು ತೆಗೆದು, ಎರಡು-ಮೂರು ತಿಂಗಳು ಬಿಟ್ಟು, ಹೆಚ್ಚಾಗಿ ಅದೇ ಜಾಗದಲ್ಲಿ ಮರಳಿ ಹಾಕಬಹುದು. ಹತ್ತು ವರ್ಷದ ನಂತರವೂ ನೂರರಲ್ಲಿ 95ರ ಆಸುಪಾಸು ಇಂಪ್ಲಾಂಟ್ ಬಾಯಲ್ಲಿ ಉಳಿದಿರುತ್ತವೆ. ಉಳಿಯದ ಆ ಐದರಲ್ಲಿ ಒಂದು ಭಾಗ ಈ ಮೊದಲ ತಿಂಗಳುಗಳಲ್ಲೇ ಸೋತದ್ದು.

ಮೂರು ತಿಂಗಳ ನಂತರ ಅಳತೆ. ಸ್ಕ್ರೂವಿಗೆ ಒಂದು ಕಡ್ಡಿ ಜೋಡಿಸಿ ಸಿಲಿಕೋನ್ ಮೇಣದಲ್ಲಿ ಅಚ್ಚು ತೆಗೆಯುತ್ತಾರೆ, ಅಥವಾ ಸ್ಕ್ಯಾನರ್ ಆಡಿಸುತ್ತಾರೆ. ಲ್ಯಾಬಿನಿಂದ ಕ್ಯಾಪ್ ಬರಲು ಒಂದು ವಾರ, ಹತ್ತು ದಿನ.

ಕ್ಯಾಪ್ ಕೂರಿಸುವಾಗ ಸುತ್ತಲ ಒಸಡು ಬೆಳ್ಳಗಾಗುತ್ತದೆ, ಹತ್ತು ನಿಮಿಷದಲ್ಲಿ ಬಣ್ಣ ಮರಳಬೇಕು. ಕೂರಿಸಿದ್ದು ಸರಿಯಾಗಿದೆಯೇ ಎಂದು ಎಕ್ಸ್‌ರೇ ತೆಗೆಯುತ್ತಾರೆ. ಸ್ಕ್ರೂ-ಅಬಟ್ಮೆಂಟ್ ಸೇರುವಲ್ಲಿ ಕಪ್ಪು ಗೆರೆ ಕಂಡರೆ ಪೂರ್ತಿ ಕೂತಿಲ್ಲ. ಒಳಗಿನ ಸಣ್ಣ ಸ್ಕ್ರೂವನ್ನು ನಿಗದಿತ ಬಿಗಿಗೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಿಗಿಯಬೇಕು, ಏಕೆಂದರೆ ಲೋಹ ಲೋಹಕ್ಕೆ ಕೂತ ಮೇಲೆ ಬಿಗಿ ಸ್ವಲ್ಪ ಇಳಿಯುತ್ತದೆ. ಆ ಎರಡನೇ ತಿರುಗಿಸುವಿಕೆ ಬಿಟ್ಟುಹೋದಲ್ಲಿ ಆರು ತಿಂಗಳಿಗೆ ಕ್ಯಾಪ್ ಅಲ್ಲಾಡಲು ತೊಡಗೀತು. ತೂತಿಗೆ ಟೆಫ್ಲಾನ್ ಟೇಪು ತುಂಬಿ ಮೇಲೆ ಹಲ್ಲಿನ ಬಣ್ಣದ ಸಿಮೆಂಟ್ ಮುಚ್ಚುತ್ತಾರೆ. ಕ್ಯಾಪನ್ನು ಅಂಟಿಸುವ ಬದಲು ಹೀಗೆ ಸ್ಕ್ರೂವಿನಿಂದ ಕೂರಿಸಲು ಸಾಧ್ಯವಿದ್ದರೆ ಅದನ್ನೇ ಕೇಳಿ. ಬೇಕೆಂದಾಗ ಬಿಚ್ಚಬಹುದು, ಅಂಟಿಸಿದ ಕ್ಯಾಪಿನ ಸಿಮೆಂಟ್ ಚೂರು ಒಸಡಿನ ಕೆಳಗೆ ಉಳಿದರೆ ವರ್ಷಗಳ ನಂತರವೂ ಮೂಳೆ ತಿನ್ನುತ್ತದೆ.

ಕಚ್ಚಿ ನೋಡಿ "ಇದು ತಾಗುತ್ತಾ ಇಲ್ಲ" ಎಂದರೆ ಅದು ಬೇಕೆಂದೇ ಹಾಗೆ ಮಾಡಿದ್ದು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪೊರೆ ಇದೆ. ಜೋರಾಗಿ ಕಚ್ಚಿದಾಗ ಹಲ್ಲು ಅದರೊಳಗೆ ತುಸು ತಗ್ಗುತ್ತದೆ. ಇಂಪ್ಲಾಂಟಿಗೆ ಆ ಪೊರೆ ಇಲ್ಲ. ಮೆಲ್ಲಗೆ ಕಚ್ಚಿದಾಗ ಕೂದಲಿಗಿಂತ ತೆಳುವಾದ ತಗಡು ನಡುವೆ ಜಾರಬೇಕು, ಜೋರಾಗಿ ಕಚ್ಚಿದಾಗ ಎಲ್ಲ ಹಲ್ಲೂ ಸಮನಾಗಿ ತಾಗಬೇಕು. ಅನ್ನದ ಸಣ್ಣ ಕಲ್ಲನ್ನು ತಟ್ಟನೆ ತಿಳಿಸುವುದೂ ಆ ಪೊರೆಯೇ. ಇಂಪ್ಲಾಂಟ್ ಹಲ್ಲಿಗೆ ಆ ಎಚ್ಚರ ಕಡಿಮೆ, ಆದ್ದರಿಂದ ಕ್ಯಾಪಿನ ಅಂಚು ಚಕ್ಕೆ ಏಳುವುದು ಇಂಥ ಕಡೆ.

ಸ್ಕ್ರೂವಿನ ಕುತ್ತಿಗೆ ದವಡೆ ಹಲ್ಲಿನ ಬೇರಿಗಿಂತ ಸಣ್ಣದು. ಹಾಗಾಗಿ ಕ್ಯಾಪಿನ ಬುಡದ ಎರಡೂ ಬದಿಗೆ ಮೂರು ಮೂಲೆಯ ಸಂದು ಉಳಿದು ಮೀನಿನ ನಾರು, ತೆಂಗಿನ ತುರಿ ಸಿಕ್ಕಿಕೊಳ್ಳುತ್ತದೆ. ಸೇಫ್ಟಿಪಿನ್ ಹಾಕಬೇಡಿ. ತಂತಿಗೆ ಪ್ಲಾಸ್ಟಿಕ್ ಹೊದಿಸಿದ ಸಂದುಬ್ರಶ್ ದಿನಕ್ಕೊಮ್ಮೆ ಆಚೀಚೆ ಆಡಿಸಬೇಕು. ಕೆಲವು ವರ್ಷ ಕಳೆದ ಮೇಲೆ ಹೊಸದಾಗಿ ಸಂದು ಬಿಟ್ಟರೆ ಅದಕ್ಕೆ ಕಾರಣ ಪಕ್ಕದ ಹಲ್ಲು: ಸ್ವಂತ ಹಲ್ಲುಗಳು ಜೀವಮಾನವಿಡೀ ಮುಂದಕ್ಕೆ ಸರಿಯುತ್ತವೆ, ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ. ಉಜ್ಜುವಾಗ ಆ ಜಾಗದಲ್ಲಿ ರಕ್ತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಇಂಪ್ಲಾಂಟಿನ ಸುತ್ತಲ ಮೂಳೆ ಸವೆಯುವಾಗ ನೋವು ಬರುವುದು ಕೊನೆಗೆ. ಮೊದಲ ವರ್ಷ 1ರಿಂದ 1.5 ಮಿಲಿಮೀಟರ್, ಆಮೇಲೆ ವರ್ಷಕ್ಕೆ 0.2ರೊಳಗೆ ಇಳಿದರೆ ಅದು ಲೆಕ್ಕದೊಳಗಿನ ಸವೆತ. ಅದಕ್ಕೇ ಆರು ತಿಂಗಳಿಗೊಮ್ಮೆ ತಪಾಸಣೆ, ಹೋಲಿಸಿ ನೋಡಲು ಹಳೆ ಎಕ್ಸ್‌ರೇ.

ರಜೆಯಲ್ಲಿ ಬರುವವರು ಎರಡು ರಜೆಗೆ ಹಂಚಿಕೊಳ್ಳಿ. ಹಲ್ಲು ಕಿತ್ತು ಜಾಗ ಮಾಗಿದ್ದರೆ ಮೊದಲ ರಜೆಯ ಮೊದಲ ವಾರವೇ ಸ್ಕ್ರೂ ಹಾಕಿಸಿ, ಹೊಲಿಗೆ ತೆಗೆಸಿಕೊಂಡೇ ಹೊರಡಿ. ಮುಂದಿನ ರಜೆಗೆ ಕ್ಯಾಪ್, ಅದಕ್ಕೆ ಎರಡು ವಾರ ಇಟ್ಟುಕೊಳ್ಳಿ. ಸ್ಕ್ರೂವಿನ ಪೊಟ್ಟಣದ ಮೇಲೆ ಕಂಪೆನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕಾರ್ಡಿಗೆ ಅಂಟಿಸಿ ಕೊಡಲು ಹೇಳಿ, ಪಾಸ್‌ಪೋರ್ಟಿನ ಜೊತೆ ಇಡಿ. ಬೇರೆ ಬೇರೆ ಕಂಪೆನಿಗಳ ಭಾಗಗಳು, ಬಿಗಿಯುವ ಚಾವಿಗಳು ಒಂದಕ್ಕೊಂದು ಹೊಂದುವುದಿಲ್ಲ. ದಮ್ಮಾಮಿನಲ್ಲೋ ಮಸ್ಕತ್ತಿನಲ್ಲೋ ಕ್ಯಾಪ್ ಸಡಿಲಾದರೆ, ಆ ಕಾರ್ಡ್ ನೋಡಿದ ಡಾಕ್ಟರಿಗೆ ಅದು ಹತ್ತು ನಿಮಿಷದ ಕೆಲಸ.